ರೇಷ್ಮೆಯ ಸೀಮೆಯಲ್ಲಿ ಬೊಂತೆಯ ವಿದ್ಯೆ

ನಂದಿಬೆಟ್ಟವನ್ನು ನೋಡಲು ಹೋಗುವವರಲ್ಲಿ ಬಹುಮಂದಿ ಅಲ್ಲಿಂದಲೇ ಹಿಂದಿರುಗುವರು. ಬೆಟ್ಟದಾಚೆಗಿನ ಸೀಮೆಯನ್ನು ಕಾಣಬೇಕೆಂಬವರಿಗೆ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಕೋಲಾರಕ್ಕೆ ಹೋಗುವ ರೈಲುದಾರಿಯು ಅನುಕೂಲವಾದುದು. ಮೊದಲು ಇಲ್ಲಿ ಕಿರಿದಾದ ಹಳಿಯ ಮೇಲೆ ಚಿಕ್ಕ ಬಂಡಿಯು ಓಡುತ್ತಿದ್ದಿತು. ಹಳಿಯನ್ನು ಅಗಲಗೊಳಿಸಿದ ಬಳಿಕ 2013ರಲ್ಲಿ ಸಂಚಾರವು ಪುನಃ ಪ್ರಾರಂಭವಾಯಿತು. ಗೌರಿಬಿದನೂರು ಮಾತ್ರ ಪಶ್ಚಿಮಕ್ಕೆ, ಹಿಂದೂಪುರಕ್ಕೆ ಹೋಗುವ ದಾರಿಯಲ್ಲಿದೆ. ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು 2007ರಲ್ಲಿ ಪ್ರತ್ಯೇಕವಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದುವು.

ಶಿಡ್ಲಘಟ್ಟವು ರೇಷ್ಮೆಗೂಡಿನ ಸಂತೆಗೆ ಪ್ರಸಿದ್ಧವಾದುದು. ಹುಳುವು ನಾಲ್ಕು ಸಲ ಜ್ವರ ಕೂತು, ಪೊರೆ ಬಿಟ್ಟು, ಹಿಪ್ಪುನೇರಳೆ ಸೊಪ್ಪನ್ನು ಸುಮಾರು ಒಂದು ತಿಂಗಳು ಮೇಯ್ದು ಗೂಡು ಕಟ್ಟುವುದು. ಆ ಗೂಡೇ ಕೋಶ. ಕೋಶದಿಂದ ಬಂದುದಾದುದರಿಂದ ರೇಷ್ಮೆಗೆ ಸಂಸ್ಕೃತದಲ್ಲಿ ಕೌಶೇಯವೆಂದು ಹೆಸರು. ಬಿಸಿನೀರಿನಲ್ಲಿ ಮೆತ್ತಗಾದ ಗೂಡಿನಿಂದ ನೂರಾರು ಗಜ ಉದ್ದದ ಒಂದೇ ಎಳೆಯನ್ನು ಬಿಚ್ಚುವ ಕೆಲಸವನ್ನು ಇಲ್ಲಿ ತಂದೆಯಿಂದ ಮಗನೂ ತಾಯಿಯಿಂದ ಮಗಳೂ ಕಲಿತುಬಂದಿರುವರು.

ಆದರೆ ರೇಷ್ಮೆ ತೆಗೆಯುವವರು ರೇಷ್ಮೆಯನ್ನು ಹೊದ್ದು ಮಲಗುವುದಿಲ್ಲ. ಅವರ ಚಳಿಯನ್ನು ಕಳೆದುದು ಹಳೆಯ ಸೀರೆಗಳ ಬೊಂತೆ. ಉತ್ತರದ ಕಡೆಯವರು ಇದನ್ನೇ ಕೌದಿಯೆನ್ನುವರು. ಸಂಸ್ಕೃತದ ಕಂಥಾ ಶಬ್ದವು ನಮ್ಮಲ್ಲಿ ಕಂತೆಯಾಯಿತು. ಬಂಗಾಳದಲ್ಲಿ ಅದೇ ಹೆಸರಿನ ಹೊದಿಕೆಯು ಇಂದಿಗೂ ಪ್ರಸಿದ್ಧವಾಗಿದೆ. “ಕಂತೆಗೆ ತಕ್ಕ ಬೊಂತೆ” ಎಂಬ ಗಾದೆಯು ಕನ್ನಡ ತೆಲುಗುಗಳೆರಡೂ ಬೆರೆತ ಈ ಸೀಮೆಯಲ್ಲಿ ಎರಡು ಭಾಷೆಗಳಲ್ಲಿಯೂ ಕೇಳಿಬರುವುದು.

ಚಿಂತಾಮಣಿಗೆ ಸಮೀಪದ ಒಂದು ಹಳ್ಳಿಯಲ್ಲಿ, ಜಗುಲಿಯ ಮೇಲೆ ವೃದ್ಧೆಯೊಬ್ಬಳು ಮೊಮ್ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೊಲಿಯುತ್ತಿದ್ದುದನ್ನು ಕಂಡೆನು. ಒಗೆದ ಸೀರೆಗಳನ್ನು ಪದರ ಪದರವಾಗಿ ಹಾಸಿ, ಗಾಳಿಗೆ ಏಳದಂತೆ ಮೂಲೆಗಳಲ್ಲಿ ಚೊಂಬುಗಳನ್ನು ಇಟ್ಟಿದ್ದರು. ಹೊಲಿಗೆಯು ಒತ್ತಾಗಿರದಿದ್ದರೆ ಒಗೆದಾಗ ಪದರಗಳು ಸರಿದು ಗಂಟಾಗುವುವು.

“ಎಷ್ಟು ದೂರಕ್ಕೆ ಕುತ್ತಲಿ, ಅಜ್ಜಿ?” ಎಂದು ಹುಡುಗಿ ಕೇಳಿದಳು.

“ಬೆರಳಿಗೆ ಗೊತ್ತಾಗುತ್ತೆ, ಹೊಲಿ ತಾಯಿ,” ಎಂದು ಮುದುಕಿ ಹೇಳಿ, ನನ್ನ ಕಡೆಗೆ ತಿರುಗಿ, “ಈ ಕೆಂಪು ತುಂಡು ನಮ್ಮತ್ತೆ ಸೀರೇದು, ಸ್ವಾಮಿ. ಇವಳು ಅವರನ್ನ ನೋಡೇ ಇಲ್ಲ,” ಎಂದಳು.

ನಲವತ್ತು ವರ್ಷದ ಹಿಂದಿನ ಅತ್ತೆಯೂ ಹತ್ತು ವರ್ಷದ ಹುಡುಗಿಯೂ ಒಂದೇ ಬಟ್ಟೆಯಲ್ಲಿ ಸೇರುವುದು ಸಾಮಾನ್ಯವಾದ ವಿಷಯವೇ? ಉತ್ತರಕನ್ನಡದ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಸ್ತ್ರೀಯರು ಮೂಲೆಯಿಂದ ಹೊಲಿಗೆಯನ್ನಾರಂಭಿಸಿ, ಅಂಚಿನ ಸುತ್ತಲೂ ಸಾಗಿ ಮಧ್ಯದಲ್ಲಿ ಮುಗಿಸುವರು. ಮೂಲೆಗಳಿಗೆ ಮಡಿಸಿದ ಹೂಗಳನ್ನು ಹೊಲಿಯದಿದ್ದರೆ ಕೌದಿಯು ಪೂರ್ಣವಾಯಿತೆಂದು ಒಪ್ಪುವುದಿಲ್ಲ. ಅವರ ಕೌದಿಗಳು ಅಮೆರಿಕದ ಪ್ರದರ್ಶನಗಳಲ್ಲಿಯೂ ಮೆಚ್ಚಿಕೆ ಪಡೆದಿರುವುವು.

ಕ್ರೋಷಾ ಹೆಣಿಗೆಯ ಗತಿಯು ಬೇರೆ. ಅದು ಹೊರಗಿನಿಂದ ಬಂದ ವಿದ್ಯೆ. ಗೋದಾವರಿಯ ನರಸಾಪುರದಲ್ಲಿ 19ನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಲೇಸು ಅಲ್ಲಿಯ ಸಾವಿರಾರು ಮನೆಗಳಿಗೆ ಜೀವನೋಪಾಯವಾಯಿತು. ನಮ್ಮ ಕಡೆಯೂ ಬಾಗಿಲ ತೋರಣವನ್ನು ಹೆಣೆಯುತ್ತಿದ್ದ ಕಡ್ಡಿಯು ಈಗ ಸೀರೆಯ ಸೆರಗಿಗೆ ಕುಚ್ಚನ್ನು ಹೆಣೆದು ಗೃಹಿಣಿಯರಿಗೆ ನಾಲ್ಕು ಕಾಸನ್ನು ತರುತ್ತಿದೆ. ಬೆಲೆ ಬಂದ ವಿದ್ಯೆಗೆ ಶಿಷ್ಯರು ತಾವಾಗಿ ಒದಗುವರು.

ಬೊಂತೆಗೆ ಆ ಬೆಲೆಯಿಲ್ಲ. ಯಂತ್ರದ ಕಂಬಳಿಯು ಅಗ್ಗವಾಗಿ ದೊರೆಯುವುದು. ನೂಲಿನ ಸೀರೆಯ ಸ್ಥಾನಕ್ಕೆ ಬಂದಿರುವ ಪಾಲಿಯೆಸ್ಟರ್ ಸೀರೆಯು ಬೆವರನ್ನು ಹೀರದು, ಮೈಗೆ ಹಿತವಾಗದು. ಬೊಂತೆಗೆ ಇರುವ ಪಾಠಶಾಲೆಯು ಅಜ್ಜಿಯ ಪಕ್ಕದ ಜಾಗವೊಂದೇ. ಪುಸ್ತಕದ ವಿದ್ಯೆಯು ಒಂದು ತಲೆಮಾರು ಮಲಗಿದ್ದರೂ ಮತ್ತೆ ಏಳಬಲ್ಲುದು. ಬೆರಳಿನ ವಿದ್ಯೆಯು ಒಂದು ತಲೆಮಾರು ತಪ್ಪಿದರೆ ಹೋದಂತೆಯೇ ಸರಿ.

ಆದಕಾರಣ ವಾಚಕರಲ್ಲಿ ನನ್ನ ಬಿನ್ನಹವಿಷ್ಟು: ಪೆಟ್ಟಿಗೆಯ ತಳದಲ್ಲಿರುವ ನೂಲಿನ ಸೀರೆಗಳನ್ನು ಪಾತ್ರೆಯವನಿಗೆ ಹಾಕಬೇಡಿರಿ. ಬೇಸಗೆಯ ರಜದಲ್ಲಿ ಅವನ್ನು ಹಾಸಿ, ಮನೆಯ ಹಿರಿಯರನ್ನು ಕರೆದು, ಮಕ್ಕಳ ಕೈಗೆ ಸೂಜಿಯನ್ನು ಕೊಡಿರಿ, ಗಂಡುಮಕ್ಕಳಿಗೂ ಕೊಡಿರಿ. ಮೊದಲ ಸಾಲು ಸೊಟ್ಟಗಾದರೆ ಬಿಚ್ಚಿಸದೆ ಹಾಗೆಯೇ ಬಿಡಿರಿ.