ಬೀಗ ಹಾಕಿದ್ನಾ?

‘ಮಗಾ, ನಂಗೆ ಫುಲ್ ಓಸಿಡಿ’ ಅಂತ ನಮ್ಮ ಕ್ಲಾಸಲ್ಲಿ ವಾರಕ್ಕೊಬ್ಬರಾದರೂ ಹೇಳ್ತಾರೆ. ಲ್ಯಾಬ್ ರೆಕಾರ್ಡಿಗೆ ಸ್ಕೇಲ್ ಇಟ್ಟು ಮಾರ್ಜಿನ್ ಎಳೆಯೋರು, ಇಂಡೆಂಟೇಶನ್ ತಪ್ಪಿದ್ರೆ ಸಿಟ್ಟಾಗೋರು. ನಾನೂ ನಗ್ತಿದ್ದೆ. ನನಗಿರೋದೇ ಆ ಕಾಯಿಲೆ ಅಂತ ತಿಳಿದದ್ದು ಮೂರನೇ ಸೆಮಿಸ್ಟರಲ್ಲಿ. ನನ್ನ ರೂಮ್ ನೋಡಿದವರು ನಂಬೋದಿಲ್ಲ ಬಿಡಿ. ಬಕೆಟ್ ತುಂಬ ಒಗೆಯದ ಬಟ್ಟೆ, ಮಂಚದ ಕೆಳಗೆ ಚಿಪ್ಸ್ ಕವರು.

ನನ್ನದು ಬೀಗದ ತಾಪತ್ರಯ. ರೂಮಿಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲು ಇಳಿದರೆ ಒಂದು ಅನುಮಾನ: ಸರಿಯಾಗಿ ಬಿತ್ತಾ? ವಾಪಸ್ ಹತ್ತಿ ನೋಡ್ತೀನಿ. ಬಿದ್ದಿದೆ. ಇಳೀತೀನಿ. ನೋಡುವಾಗ ನಾನೇ ಎಳೆದು ಬಿಚ್ಚಿಬಿಟ್ಟಿದ್ರೆ? ಮತ್ತೆ ಹತ್ತೋದು. ಫೋಟೋ ತೆಗೆದಿಟ್ಟುಕೊಂಡೆ, ಅದು ನಿನ್ನೆಯದಾ ಇವತ್ತಿನದಾ ಅಂತ ಶುರುವಾಯ್ತು. ಇದು ಹುಚ್ಚು ಅಂತ ನನಗೇ ಗೊತ್ತಿತ್ತು. ಗೊತ್ತಿದ್ದರೆ ನಿಲ್ಲಬೇಕಲ್ಲ, ನಿಲ್ತಿರಲಿಲ್ಲ.

ನಮ್ಮಜ್ಜಿ ಮಡಿ ಅಂತ ದಿನಕ್ಕೆ ಹತ್ತು ಸಲ ಕೈ ತೊಳೀತಿದ್ರು. ಅದಕ್ಕೂ ಇದಕ್ಕೂ ಹೋಲಿಕೆ ಬೇಡ. ಅಜ್ಜಿಗೆ ತೊಳೆದ ಮೇಲೆ ಸಮಾಧಾನ ಆಗ್ತಿತ್ತು. ನನಗೆ ಆಗ್ತಿರಲಿಲ್ಲ, ಆದರೂ ಎರಡೇ ನಿಮಿಷ.

ಬೀಗದಿಂದ ಅದು ಪರೀಕ್ಷೆಗೂ ಬಂತು. ಮ್ಯಾಥ್ಸ್ ಇಂಟರ್ನಲ್ಸಲ್ಲಿ ಯುಎಸ್‌ಎನ್ನಿನ ಹತ್ತು ಅಕ್ಷರಗಳನ್ನ ಹಿಂದಿನಿಂದ, ಮುಂದಿನಿಂದ ಓದುತ್ತಾ ಕೂತೆ. ಗೊತ್ತಿದ್ದ ಪ್ರಶ್ನೆಯನ್ನೇ ಖಾಲಿ ಬಿಟ್ಟು ಬಂದೆ. ಇದಕ್ಕಿಂತ ಕೆಟ್ಟದ್ದನ್ನ ಯಾರಿಗೂ ಹೇಳಿರಲಿಲ್ಲ: ಮೂರನೇ ಮಹಡಿಯ ಕಾರಿಡಾರಲ್ಲಿ ನಿಂತಾಗ, ಪಕ್ಕದಲ್ಲಿರೋನನ್ನ ನಾನು ತಳ್ಳಿಬಿಟ್ರೆ ಅನ್ನೋ ಯೋಚನೆ. ನಾನು ರಾಕ್ಷಸ ಅಂದ್ಕೊಂಡಿದ್ದೆ. ಡಾಕ್ಟರ್ ಹತ್ತಿರ ತಲೆ ತಗ್ಗಿಸಿ ಹೇಳಿದಾಗ ಅವರು ಬೆಚ್ಚಲಿಲ್ಲ. ಇಂಥ ಯೋಚನೆ ಎಲ್ಲರಿಗೂ ಬಂದು ಹೋಗುತ್ತೆ, ನಿಮಗೆ ಅದರ ಬಗ್ಗೆ ಅಷ್ಟು ಅಸಹ್ಯ ಇರೋದ್ರಿಂದಲೇ ಅದು ಅಂಟಿಕೊಂಡಿದೆ ಅಂದ್ರು. ಅಲ್ಲೇ ಅತ್ತುಬಿಟ್ಟೆ.

ಮಾತ್ರೆ ಕೊಟ್ಟರು, ಎಸ್‌ಎಸ್‌ಆರ್‌ಐ ಅಂತ. ಗೀಳಿಗೆ ಅದು ನಿಧಾನ, ಗುಣ ಕಾಣೋಕೆ 8ರಿಂದ 12 ವಾರ ಬೇಕಾಗಬಹುದು. ಮೂರನೇ ವಾರಕ್ಕೇ ಬಿಟ್ಟುಬಿಡೋಣ ಅನ್ನಿಸಿತ್ತು. ಜೊತೆಗೆ ಇಆರ್‌ಪಿ ಅನ್ನೋ ಥೆರಪಿ. ಹೇಳೋಕೆ ಸುಲಭ: ಒಂದೇ ಸಲ ಬೀಗ ಹಾಕು, ತಿರುಗಿ ನೋಡಬೇಡ, ಅನುಮಾನ ಇದ್ದರೆ ಇರಲಿ. ಮೊದಲ ದಿನ ಮೆಸ್ಸಲ್ಲಿ ಇಡ್ಲಿ ಮುಂದೆ ಕೂತು ಬೆವೆತೆ. ಮುಕ್ಕಾಲು ಗಂಟೆ ಆದಮೇಲೆ, ನಾನೇನೂ ಮಾಡದೆ, ಆ ಭಯ ತಾನಾಗೇ ಇಳೀತು. ಅದು ಇಳಿಯುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ, ಯಾಕಂದ್ರೆ ಅಲ್ಲೀವರೆಗೆ ಕಾದೇ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟ ಆಗಿದ್ದು ರೂಮ್‌ಮೇಟಿಗೆ. ಒಂದು ವರ್ಷ ‘ಬೀಗ ಹಾಕಿದ್ನಾ’ ಅಂದಾಗಲೆಲ್ಲ ‘ಹೂಂ ಮಗಾ, ನಾನೇ ನೋಡಿದೆ’ ಅಂತ ಪಾಪ ಹೇಳ್ತಿದ್ದ. ಆ ಭರವಸೆ ಕೂಡ ಇನ್ನೊಂದು ಸಲ ಮೆಟ್ಟಿಲು ಹತ್ತಿದ ಹಾಗೇ, ಉತ್ತರ ಕೊಡಬೇಡಿ ಅಂತ ಡಾಕ್ಟರ್ ಅವನಿಗೆ ಹೇಳಿಸಿದರು. ಅವನು ಮೊದಲ ಸಲ ಸುಮ್ಮನಿದ್ದಾಗ ನಾನು ಕೂಗಾಡಿದೆ, ಎರಡು ದಿನ ಮಾತಾಡಿಸಲಿಲ್ಲ.

ಓದ್ತಾ ನಿಮ್ಮದೇ ಕಥೆ ಅನ್ನಿಸ್ತಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಅಂತ ಪ್ರತ್ಯೇಕ ಕ್ಲಿನಿಕ್ ಇದೆ.

ನನಗೆ ಪೂರ್ತಿ ಹೋಗಿಲ್ಲ. ಮೊನ್ನೆ ಹಬ್ಬಕ್ಕೆ ಊರಿಗೆ ಹೊರಟಾಗ ಬಸ್ಸಲ್ಲಿ ತಡೆಯೋಕಾಗದೆ ಕೇಳೇಬಿಟ್ಟೆ, ‘ಬೀಗ ಹಾಕಿದ್ನೇನೋ?’

‘ಗೊತ್ತಿಲ್ಲ ಮಗಾ’ ಅಂದ, ಕಿಟಕಿ ಕಡೆ ನೋಡ್ತಾ.

ಬಸ್ಸು ಆಗಲೇ ತುಮಕೂರು ದಾಟಿತ್ತು.