ವಜ್ರಾಘಾತದಿಂದ ಕರ್ಮಕಥೆಗೆ

ಪುಣೆಯ ಶನಿವಾರವಾಡೆಯನ್ನು ನೋಡಲು ಹೋದ ಕನ್ನಡ ವಿದ್ಯಾರ್ಥಿಯ ಕಿವಿಗೆ ಅಲ್ಲಿ ಒಂದು ಅಕ್ಷರದ ಕಥೆ ಬೀಳದಿರದು. 1773ರ ಆಗಸ್ಟ್ 30ರಂದು, ಹದಿನೆಂಟರ ಹರೆಯದ ಪೇಶ್ವೆ ನಾರಾಯಣರಾಯನು ಈ ವಾಡೆಯಲ್ಲಿ ಗಾರ್ದಿ ಸೈನಿಕರ ಕೈಯಲ್ಲಿ ಹತನಾದನು. ಚಿಕ್ಕಪ್ಪ ರಘುನಾಥರಾಯನ ಆಜ್ಞಾಪತ್ರದಲ್ಲಿ 'ಧರಾವೇ' ಎಂದು, ಅಂದರೆ ಹಿಡಿಯಬೇಕೆಂದು ಇದ್ದುದನ್ನು ಅವನ ಪತ್ನಿ ಆನಂದೀಬಾಯಿಯು 'ಮಾರಾವೇ' ಎಂದು, ಅಂದರೆ ಕೊಲ್ಲಬೇಕೆಂದು ತಿದ್ದಿದಳಂತೆ. 'ಧ'ವನ್ನು 'ಮಾ' ಮಾಡುವುದೆಂಬ ನುಡಿಗಟ್ಟೇ ಮರಾಠಿಯಲ್ಲಿ ನೆಲೆನಿಂತಿದೆ. ಕೊಲೆ ನಡೆದದ್ದು ಇತಿಹಾಸ, ತಿದ್ದುಪಡಿ ಜನಶ್ರುತಿ. ಆದರೂ ಹೊಣೆ ಯಾರದೆಂಬ ಪ್ರಶ್ನೆಗೆ ಜನಮನವು ಉತ್ತರವನ್ನು ಪಡೆದದ್ದು ಜನಶ್ರುತಿಯಿಂದಲೇ.

ಘಟನೆಗೂ ಕಾರಣಕ್ಕೂ ಇರುವ ಈ ಅಂತರವೇ ಐತಿಹಾಸಿಕ ಕಾದಂಬರಿಯ ಕಾರ್ಯಕ್ಷೇತ್ರ. ವಾಡೆಗೆ ಸಮೀಪದಲ್ಲಿಯೇ ಸಂಸ್ಕೃತ ಗ್ರಂಥಗಳ ಪ್ರಕಟಣೆಗೆ ಹೆಸರಾದ ಆನಂದಾಶ್ರಮವಿದೆ. ಅದರ ವ್ಯವಸ್ಥಾಪಕರಾಗಿದ್ದ ಹರಿ ನಾರಾಯಣ ಆಪಟೆಯವರು (1864-1919) ಮರಾಠಿ ಐತಿಹಾಸಿಕ ಕಾದಂಬರಿಗೆ ಪ್ರೌಢಿಮೆಯನ್ನು ತಂದವರು. ವಿಜಯನಗರದ ಪತನವನ್ನು ಕುರಿತು ಅವರು ಬರೆದ 'ವಜ್ರಾಘಾತ'ವೇ ಗಳಗನಾಥರ (1869-1942) ಕೈಯಲ್ಲಿ 'ಕನ್ನಡಿಗರ ಕರ್ಮಕಥೆ'ಯಾಯಿತು. ಪುಸ್ತಕಗಳ ಹೊರೆಯನ್ನು ಹೊತ್ತು ಊರೂರು ತಿರುಗಿ ಓದುಗರನ್ನು ಸೃಷ್ಟಿಸಿದ ಗಳಗನಾಥರಿಂದಲೇ ಉತ್ತರ ಕರ್ನಾಟಕದ ಅನೇಕ ಮನೆಗಳಿಗೆ ವಿಜಯನಗರದ ವೃತ್ತಾಂತವು ಮೊದಲು ತಲುಪಿತೆಂದರೆ ಅತಿಶಯೋಕ್ತಿಯಾಗದು.

ಹೆಸರಿನ ಬದಲಾವಣೆಯು ಇಲ್ಲಿ ಗಮನಾರ್ಹ. ವಜ್ರಾಘಾತವು ಮೇಲಿನಿಂದ ಎರಗುವಂಥದು. ಪೆಟ್ಟು ತಿಂದವನ ತಪ್ಪು ಅದರಲ್ಲಿ ಇರಲೇಬೇಕೆಂದಿಲ್ಲ. ಕರ್ಮವಾದರೋ ತಾನೇ ಮಾಡಿ ತಾನೇ ಉಣ್ಣುವಂಥದು. ಹರಿದು ಹಂಚಿಹೋದ ನಾಡನ್ನು ಒಂದುಗೂಡಿಸುವ ಹಂಬಲದಿಂದ ಆಲೂರ ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿದ ಕಾಲಮಾನವದು. ಗತವೈಭವವನ್ನು ನೆನೆಯುವ ಜನರಿಗೆ ಅದರ ನಾಶದ ಹೊಣೆಯನ್ನೂ ನೆನಪಿಸುವ ಧೈರ್ಯ ಈ ಶೀರ್ಷಿಕೆಯಲ್ಲಿದೆ.

ಆದರೆ ಆ ಕರ್ಮ ಯಾವುದು? ಕಾದಂಬರಿಯಲ್ಲಿ ಅದು ರಾಮರಾಜನಿಗೂ ಮೆಹರ್ಜಾನಳಿಗೂ ಇದ್ದ ಪ್ರಣಯ. ಅವರ ಮಗ ರಣಮಸ್ತಖಾನನು ತಂದೆಯ ವಿರುದ್ಧವೇ ನಿಲ್ಲುವ ದುರಂತ. ಇತಿಹಾಸದ ಲೆಕ್ಕ ಬೇರೆಯದು. ರಾಮರಾಯನು ಬಹಮನಿಯ ಉತ್ತರಾಧಿಕಾರಿ ಸುಲ್ತಾನರಲ್ಲಿ ಒಬ್ಬರನ್ನು ಇನ್ನೊಬ್ಬರ ಮೇಲೆ ಎತ್ತಿಕಟ್ಟುತ್ತ ಬಂದನು. ಬಿಜಾಪುರದ ಅಲಿ ಆದಿಲಶಹನು ಒಂದು ಕಾಲಕ್ಕೆ ಅವನ ಮಿತ್ರನಾಗಿ ಅಹಮದನಗರದ ಮೇಲೆ ದಂಡೆತ್ತಿ ಹೋದವನು. ಅದೇ ಆದಿಲಶಹನು ಅಹಮದನಗರದ ಹುಸೇನ್ ನಿಜಾಮಶಹನ ಮಗಳು ಚಾಂದಬೀಬಿಯನ್ನು ವರಿಸಿದಾಗ ಸೊಲ್ಲಾಪುರದ ಕೋಟೆ ವರದಕ್ಷಿಣೆಯಾಗಿ ಬಂದಿತು. ಹಳೆಯ ವೈರಿಗಳು ಬೀಗರಾದರು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗ ನಡೆದು, ವೃದ್ಧ ರಾಮರಾಯನ ಶಿರಚ್ಛೇದವಾಯಿತು. ವಿಜಯನಗರದ ಪಡೆಯಲ್ಲಿಯೂ ಮುಸಲ್ಮಾನ ಸರದಾರರು ಇದ್ದರೆಂಬುದನ್ನು ಮರೆಯುವಂತಿಲ್ಲ.

ಕಾದಂಬರಿಕಾರನು ಪಾತ್ರವನ್ನು ಕಲ್ಪಿಸಿದರೆ ಇತಿಹಾಸಕ್ಕೆ ಹಾನಿಯಿಲ್ಲ. ಮೆಹರ್ಜಾನಳ ವ್ಯಥೆಯನ್ನು ಯಾವ ಶಾಸನವೂ ಹೇಳಲಾರದು. ಮುಪ್ಪಿನ ಅರಸನ ಪಶ್ಚಾತ್ತಾಪವನ್ನು ಅರಿಯಲು ಬಖರಿಗಿಂತ ಕಥೆಯೇ ಮೇಲು. ಆದರೆ ಕಾರಣವನ್ನು ಕಲ್ಪಿಸುವಾಗ ಅವನು ಹೊರುವ ಭಾರ ದೊಡ್ಡದು. ಪಾತ್ರವು ಪುಸ್ತಕದಲ್ಲಿಯೇ ಉಳಿಯುತ್ತದೆ. ಕಾರಣವು ಪುಸ್ತಕದಿಂದ ಹೊರಬಂದು ಜನರ ಸ್ಮೃತಿಯಾಗುತ್ತದೆ. ಒಂದು ಸಾಮ್ರಾಜ್ಯದ ರಾಜಕಾರಣವು ಒಬ್ಬನ ಯೌವನದ ತಪ್ಪಿಗೆ ಇಳಿದರೆ, ಓದುಗನು ಕಣ್ಣೀರು ಸುರಿಸಿಯಾನು, ಪಾಠ ಕಲಿಯಲಾರನು. ಎರಡು ಮತಗಳ ಕಾದಾಟವೆಂದೇ ಅದನ್ನು ಬಗೆದರೆ, ತಪ್ಪು ಪಾಠವನ್ನೇ ಕಲಿತಾನು.

ಹಾಗೆಂದು ಗಳಗನಾಥರನ್ನು ಬದಿಗಿಡುವುದು ಕೃತಘ್ನತೆಯಾದೀತು. ಕರ್ಮವೆಂಬ ಮಾತಿನಿಂದ ಅವರು ಪ್ರಶ್ನೆಯನ್ನು ನಮ್ಮ ಅಂಗಳಕ್ಕೆ ತಂದರು. ಉತ್ತರವನ್ನು ಪರಿಶೀಲಿಸುವುದು ಮುಂದಿನವರ ಕೆಲಸ. ಪುಣೆಯಿಂದ ಕಲಬುರಗಿಗೆ ಮರಳುವ ವಿದ್ಯಾರ್ಥಿಯ ರೈಲು ಸೊಲ್ಲಾಪುರದಲ್ಲಿ ನಿಲ್ಲುತ್ತದೆ. ಕರ್ಮಕಥೆಯನ್ನು ಓದಿದವನು ಒಮ್ಮೆ ಅಲ್ಲಿ ಇಳಿಯಬೇಕು. ವರದಕ್ಷಿಣೆಯಾಗಿ ಕೈಬದಲಿಸಿದ ಆ ಕೋಟೆ ಇನ್ನೂ ಅಲ್ಲಿಯೇ ಇದೆ.