ಕಡಲತೊಟ್ಟಿಯ ಕೆಂಪು ಹುಳು

ಸಿಹಿನೀರಿನ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕುವ ಗೃಹಸ್ಥರು ಬೆಂಗಳೂರಿನಲ್ಲಿ ಬೀದಿಗೊಬ್ಬರಾದರೂ ಸಿಕ್ಕುವರು. ಸಮುದ್ರದ ಮೀನುಗಳನ್ನು, ಸಮುದ್ರದಿಂದ ಸುಮಾರು 300 ಕಿಲೋಮೀಟರು ದೂರದಲ್ಲಿ, ಜೀವಸಹಿತ ಇಟ್ಟುಕೊಳ್ಳುವ ಸಾಹಸಕ್ಕೆ ಕೈಹಾಕಿದವರು ಅಷ್ಟಾಗಿ ಇಲ್ಲ. ಅದು ದುಡ್ಡಿನ ಕೆಲಸವೂ ಹೌದು, ತಾಳ್ಮೆಯ ಕೆಲಸವೂ ಹೌದು. ಇಂಥ ತೊಟ್ಟಿಯೊಂದು ನಮ್ಮ ಮನೆಯಲ್ಲಿ ಉಂಟು. ಅದಕ್ಕೆ ಬಂದ ಒಂದು ಕ್ರಿಮಿಬಾಧೆಯನ್ನೂ ಅದನ್ನು ಕಳೆದ ಬಗೆಯನ್ನೂ ವಾಚಕರಿಗೆ ಅರಿಕೆಮಾಡುತ್ತೇನೆ. ಈ ಬಾಧೆಯಲ್ಲಿ ಒಂದು ವೈಚಿತ್ರ್ಯವಿದೆ. ಹುಳುಗಳು ಬದುಕಿರುವವರೆಗೆ ಮೀನಿಗೆ ಹೆಚ್ಚಿನ ಕೇಡಿಲ್ಲ. ಅವೆಲ್ಲವೂ ಒಟ್ಟಿಗೆ ಸತ್ತರೆ ಮೀನಿನ ಪ್ರಾಣಕ್ಕೆ ಬರುತ್ತದೆ. ಇದನ್ನರಿಯದೆ ಔಷಧವನ್ನು ಸುರಿದು, ಒಂದೆರಡು ಗಂಟೆಗಳಲ್ಲಿ ತೊಟ್ಟಿಯನ್ನೇ ಸ್ಮಶಾನ ಮಾಡಿಕೊಂಡವರುಂಟು.

ನಮ್ಮ ತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು ಮರಳುಗಳನ್ನು ಕಳೆದರೆ ಸುಮಾರು 160 ಲೀಟರು ನೀರು ಹಿಡಿಯುತ್ತದೆ. ಶುದ್ಧಮಾಡಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ, ಇದಕ್ಕೆಂದೇ ತಯಾರಾದ ಸಮುದ್ರಲವಣವನ್ನು ಕರಗಿಸಿ, ವಿಶಿಷ್ಟ ಗುರುತ್ವವು 1.025ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳಬೇಕು. ಅಡಿಗೆಯ ಉಪ್ಪು ಇದಕ್ಕೆ ಒದಗದು. ಕಡಲಿನ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದುವೂ ತಕ್ಕ ಪ್ರಮಾಣದಲ್ಲಿ ಇರತಕ್ಕವು. ತೊಟ್ಟಿಯನ್ನು ತಂದಿಟ್ಟವನು ನನ್ನ ಮಗ. ಅವನು ಬೆಳಗ್ಗೆ ಕಚೇರಿಗೆ ಹೋದರೆ ಬರುವುದು ರಾತ್ರಿಯಾದುದರಿಂದ, ಆರೈಕೆಯು ನನ್ನ ಪಾಲಿಗೂ ಮೊಮ್ಮಗನ ಪಾಲಿಗೂ ಬಂದಿತು. ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟಿಗಳುಳ್ಳ ಕ್ಲೌನ್ ಮೀನು ಒಂದು ಜೊತೆ (ತೊಟ್ಟಿಯಲ್ಲಿಯೇ ಮರಿಮಾಡಿ ಬೆಳೆಸಿದವು, ಕಡಲಿನಿಂದ ಹಿಡಿದು ತಂದವಲ್ಲ), ಎರಡು ಸೀಗಡಿ, ಕೆಲವು ಬಸವನಹುಳು, ಬೀಸಣಿಗೆಯಂತೆ ತಲೆಬಿಚ್ಚುವ ಒಂದು ಕೊಳವೆಹುಳು, ಇಷ್ಟೇ ಅದರ ನಿವಾಸಿಗಳು. ಹವಳವನ್ನು ನಾವು ಇಟ್ಟಿಲ್ಲ. ಗಟ್ಟಿ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿಸಿದ್ದಾರೆ. ನಮ್ಮ ಕಡಲಿನಿಂದ ಅವನ್ನು ತೆಗೆಯುವುದೂ ಮಾರುವುದೂ ಅಪರಾಧ. ತೊಟ್ಟಿಯ ಶೋಭೆಗಾಗಿ ಅದನ್ನು ಮೀರುವವರು ಇದ್ದಾರೆಂದು ಕೇಳಿದ್ದೇನೆ. ಕೇಳಿ ಸಂತೋಷಪಟ್ಟಿಲ್ಲ.

ನೀರಿನ ಕೊಳೆಯನ್ನು ಹೀರಿಕೊಳ್ಳಲೆಂದು ಪರಿಚಿತರೊಬ್ಬರು ತಮ್ಮ ತೊಟ್ಟಿಯಿಂದ ಒಂದು ಹಿಡಿ ಹಸಿರು ಕಡಲಪಾಚಿಯನ್ನು ಕೊಟ್ಟರು. ತಿಂಗಳೊಂದೂವರೆ ಕಳೆದಿರಬೇಕು. ದೀಪದ ಬೆಳಕು ನೇರವಾಗಿ ಬೀಳುವ ಕಲ್ಲಿನ ಮೇಲೂ ಗಾಜಿನ ಮೇಲೂ ತುಕ್ಕಿನ ಬಣ್ಣದ ಚುಕ್ಕೆಗಳು ಕಂಡವು. ಪಾಚಿಯ ಒಂದು ಜಾತಿ ಇರಬಹುದೆಂದು ಮನೆಯವರೆಲ್ಲ ಊಹಿಸಿದರು. ಮೊಮ್ಮಗನು ಮಾತ್ರ ಗಾಜಿಗೆ ಮೂಗನ್ನೊತ್ತಿ ಬಹಳ ಹೊತ್ತು ನೋಡಿ, “ತಾತ, ತುಕ್ಕು ನಡೆಯುತ್ತಿದೆ!” ಎಂದು ಕೂಗಿದನು. ಭೂತಗನ್ನಡಿಯನ್ನು ತಂದು ನೋಡಿದರೆ ಹುಡುಗನ ಮಾತು ನಿಜವೇ. ಎಳ್ಳಿನ ಕಾಳಿನಷ್ಟು ಉದ್ದದ, ಕಾಗದದಂತೆ ತೆಳ್ಳಗಿನ ಪ್ರಾಣಿ. ಬಾಲದ ಕಡೆಯಲ್ಲಿ ಮೂರು ಕವಲು. ನುಣ್ಣಗೆ ಜಾರಿಕೊಂಡು ಹೋಗುತ್ತಿದೆ.

ಮೀನು ಸಾಕುವವರು ಇದನ್ನು ಕೆಂಪು ಪ್ಲನೇರಿಯ ಎನ್ನುತ್ತಾರೆ. ಶಾಸ್ತ್ರದ ಹೆಸರು ಕಾನ್ವೊಲ್ಯುಟ್ರಿಲೋಬಾ ರೆಟ್ರೋಜೆಮ್ಮಾ, 1988ರಲ್ಲಿ ಇಟ್ಟದ್ದು. ಬಾಯಿಗೆ ಕಲ್ಲು ತುಂಬಿದಂತಾದರೂ ಬಿಡಿಸಿ ನೋಡಿದರೆ ಅರ್ಥಗರ್ಭಿತವಾದ ಹೆಸರು. ನಡುವಿನ ‘ತ್ರಿ’ ನಮ್ಮ ತ್ರಿಶಬ್ದದ ಸೋದರನೇ. ಮೂರು ಕವಲನ್ನು ಹೇಳುತ್ತದೆ. ‘ರೆಟ್ರೋಜೆಮ್ಮಾ’ ಎಂದರೆ ಹಿಮ್ಮುಖವಾದ ಮೊಗ್ಗು. ಈ ಪ್ರಾಣಿ ಹೆಚ್ಚಾಗಿ ಮೊಟ್ಟೆಯಿಂದಲ್ಲ, ಮೊಗ್ಗೊಡೆದು ಸಂತಾನವನ್ನು ಪಡೆಯತಕ್ಕದ್ದು. ತಾಯಿಯ ಹಿಂಭಾಗದಲ್ಲಿ ಮರಿಯು ಮೂಡುತ್ತದೆ. ಮರಿಯ ತಲೆಯು ತಾಯಿಯ ತಲೆಗೆ ತದ್ವಿರುದ್ಧವಾದ ದಿಕ್ಕಿಗೆ ಇರುತ್ತದೆ. ಬೆಳೆದ ಮೇಲೆ ತಾಯಿ ಮುಂದಕ್ಕೆ, ಮರಿ ಹಿಂದಕ್ಕೆ ಎಳೆದಾಡಿ ಬಿಡಿಸಿಕೊಳ್ಳುತ್ತವೆ. ಇವನ್ನು ಬಹುಕಾಲ ಚಪ್ಪಟೆ ಹುಳುಗಳ ವರ್ಗದಲ್ಲಿಯೇ ಎಣಿಸುತ್ತಿದ್ದರು. 1999ರಿಂದೀಚೆಗೆ ನಡೆದ ವಂಶಧಾತುಗಳ ಪರೀಕ್ಷೆಯಿಂದ ಇವು ಬೇರೆಯೇ ಒಂದು ಕುಲವೆಂದು ತಿಳಿದುಬಂದಿದೆ. ಆ ಕುಲದ ಹೆಸರು ಏಸೀಲ. ಅದರ ಮೊದಲಿನಲ್ಲಿರುವುದು ನಮ್ಮ ನಿಷೇಧಾರ್ಥದ ಅಕಾರವೇ: ಒಳಗೆ ಟೊಳ್ಳಿಲ್ಲದ್ದು, ಎಂದರೆ ಅನ್ನಕೋಶದ ಕುಹರವೇ ಇಲ್ಲದ್ದು ಎಂದು ತಾತ್ಪರ್ಯ. ಮೈಯೊಳಗೆ ಸೂಕ್ಷ್ಮವಾದ ಪಾಚಿಯನ್ನು ಇಟ್ಟುಕೊಂಡು, ಬೆಳಕಿನಿಂದ ಅದು ತಯಾರಿಸುವ ಆಹಾರದಲ್ಲಿ ಪಾಲು ಪಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಲಜಂತುಗಳನ್ನೂ ಹಿಡಿದು ತಿನ್ನುತ್ತದೆ. ಹಾಗಾಗಿ ಬೆಳಕೂ ಉಳಿಕೆಯ ಆಹಾರವೂ ಹೇರಳವಾಗಿರುವ ತೊಟ್ಟಿ ಇದಕ್ಕೆ ಸುಭಿಕ್ಷ ದೇಶ.

ಸಂಖ್ಯೆ ಮಿತವಾಗಿದ್ದರೆ ಸಹಿಸಬಹುದಾಗಿತ್ತು. ನಮ್ಮಲ್ಲಿ ಹಾಗಿರಲಿಲ್ಲ. ಮೂರು ವಾರಗಳಲ್ಲಿ ಕಲ್ಲಿನ ಅರ್ಧ ಭಾಗವು ಕಾವಿಬಟ್ಟೆ ಹೊದ್ದಂತಾಯಿತು. ಈ ಹುಳುಗಳ ಮೈಯಲ್ಲಿ ಒಂದು ವಿಷವುಂಟು; ಸತ್ತಾಗಲೂ ಜಜ್ಜಿಹೋದಾಗಲೂ ಅದು ನೀರಿಗೆ ಬಿಡುತ್ತದೆ. ಅಷ್ಟು ಹುಳುಗಳಿದ್ದು, ನೀರು ಕೆಟ್ಟೋ ವಿದ್ಯುತ್ತು ಹೋಗಿಯೋ ಎಲ್ಲವೂ ಒಮ್ಮೆಲೆ ಸತ್ತರೆ, ನಾವು ಏನನ್ನೂ ಮಾಡದಿದ್ದರೂ ಮೀನುಗಳು ಉಳಿಯಲಾರವು. ಸುಮ್ಮನಿರುವುದೂ ಅಪಾಯ, ಅವಸರವೂ ಅಪಾಯ.

ಸಲಹೆಗಳಿಗೆ ಕೊರತೆಯಿರಲಿಲ್ಲ. ಅಂಗಡಿಯವನೊಬ್ಬನು ತಾಮ್ರದ ಔಷಧವನ್ನು ಕೊಡಬಂದನು. ತಾಮ್ರವು ಮೀನಿನ ಕೆಲವು ರೋಗಗಳಿಗೆ ಮದ್ದಾದರೂ ಸೀಗಡಿ, ಬಸವನಹುಳುಗಳಿಗೆ ಮೃತ್ಯು. ಕಲ್ಲು ಮರಳುಗಳಲ್ಲಿ ಸೇರಿಕೊಂಡರೆ ಬೇಗ ಬಿಡುವುದೂ ಇಲ್ಲ. ಮತ್ತೊಬ್ಬರು ದನದ ಔಷಧಿ ಅಂಗಡಿಯಿಂದ ಲೆವಮಿಸೋಲ್ ತನ್ನಿರಿ ಎಂದರು. ಇದು ಬುಡವಿಲ್ಲದ ಮಾತಲ್ಲ. 1960ರ ದಶಕದಲ್ಲಿ ಬೆಲ್ಜಿಯಂ ದೇಶದಲ್ಲಿ ಕಂಡುಹಿಡಿದ ಈ ಜಂತುನಾಶಕವನ್ನು ನಮ್ಮ ಹಳ್ಳಿಗಳಲ್ಲಿ ಕುರಿ ದನಗಳಿಗೆ ಕುಡಿಸುತ್ತಾರೆ. ಕೆಂಪು ಹುಳುವೂ ಇದಕ್ಕೆ ಸಾಯುತ್ತದೆ. ಆದರೆ ಅಂಗಡಿಯಲ್ಲಿ ಸಿಕ್ಕಿದ ಸೀಸೆಯಲ್ಲಿ ಅದರೊಂದಿಗೆ ಆಕ್ಸಿಕ್ಲೋಜನೈಡ್ ಎಂಬ ಇನ್ನೊಂದು ಔಷಧವೂ ಬೆರೆತಿದ್ದಿತು. ಕುರಿಯ ಹೊಟ್ಟೆಗೆಂದು ಬೆರೆಸಿದ್ದನ್ನು ಮೀನಿನ ನೀರಿಗೆ ಸುರಿಯುವುದು ನನಗೆ ಒಪ್ಪಲಿಲ್ಲ. ಆಯುರ್ವೇದದ ಕ್ರಿಮಿಘ್ನಗಳಲ್ಲಿ ಮೊದಲು ನೆನಪಿಗೆ ಬರುವ ವಿಡಂಗವನ್ನು, ಎಂದರೆ ವಾಯುವಿಳಂಗವನ್ನು, ನಮ್ಮ ಬಂಧುಗಳೊಬ್ಬರು ಸೂಚಿಸಿದರು. ಮನುಷ್ಯನ ಉದರಕ್ಕೆ ಹೇಳಿದ ಶಾಸ್ತ್ರವು ಉಪ್ಪುನೀರಿನ ತೊಟ್ಟಿಗೂ ಹೊಂದುವುದೆಂದು ಯಾವ ಆಚಾರ್ಯರೂ ಹೇಳಿಲ್ಲವೆಂದು ನಕ್ಕು ಸುಮ್ಮನಾದೆವು.

ಹುಳುವನ್ನು ತಿನ್ನುವ ಪ್ರಾಣಿಯನ್ನು ಬಿಡುವುದು ಇನ್ನೊಂದು ಉಪಾಯ. ಆರು ಗೆರೆಯ ರ‍್ಯಾಸ್ ಎಂಬ ಸಣ್ಣ ಮೀನು ಕೆಲವು ತೊಟ್ಟಿಗಳಲ್ಲಿ ಇದನ್ನು ತಿನ್ನುತ್ತದೆ, ಕೆಲವು ತೊಟ್ಟಿಗಳಲ್ಲಿ ಮೂಸಿಯೂ ನೋಡುವುದಿಲ್ಲ, ಜಗಳಗಂಟಿಯೂ ಹೌದು. ಕಪ್ಪು ಮೈಗೆ ನೀಲಿಯ ಗೆರೆಗಳುಳ್ಳ ಕೆಲಿಡೊನೂರಾ ವೇರಿಯನ್ಸ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುವೊಂದುಂಟು. ಬಹು ಚೆಲುವಾದದ್ದು, ಇಂಥ ಹುಳುಗಳನ್ನಲ್ಲದೆ ಬೇರೆ ಏನನ್ನೂ ತಿನ್ನದು. ಹುಳುಗಳು ತೀರಿದ ದಿನದಿಂದ ಅದಕ್ಕೆ ಉಪವಾಸ, ಅನಂತರ ಮರಣ. ಕೆಲಸ ಮಾಡಿಸಿಕೊಂಡು ಹಸಿವಿನಿಂದ ಸಾಯಲು ಬಿಡುವ ಈ ಏರ್ಪಾಡು ಸಂಸಾರಿಗಳ ಮನೆಗೆ ತಕ್ಕುದಲ್ಲವೆಂದೇ ನನ್ನ ಅಭಿಪ್ರಾಯ. ತೊಟ್ಟಿಯಿಂದ ತೊಟ್ಟಿಗೆ ಅದನ್ನು ಸಾಗಿಸಬಲ್ಲ ಬಳಗವಿದ್ದರೆ ಮಾತು ಬೇರೆ.

ಕಡೆಗೆ ನಿಶ್ಚಯವಾದದ್ದು ಇಷ್ಟು: ಮೊದಲು ಕೈಯಿಂದ ಸಂಖ್ಯೆಯನ್ನು ತಗ್ಗಿಸುವುದು, ಆಮೇಲೆ ಔಷಧ. ಸತ್ತ ಹುಳು ಎಷ್ಟೋ ವಿಷವೂ ಅಷ್ಟೇ ಆದುದರಿಂದ, ಔಷಧದ ದಿನ ತೊಟ್ಟಿಯಲ್ಲಿ ಹುಳುಗಳು ಕಡಿಮೆಯಿರಬೇಕು. ಮಧ್ಯಾಹ್ನ ದೀಪ ಹತ್ತಿ ಎರಡು ಮೂರು ಗಂಟೆಗಳಾದ ಮೇಲೆ ಅವು ಬೆಳಕಿಗೆ ಬಂದು ಗುಂಪುಗೂಡುತ್ತವೆ. ಆಗ ನೀರಿನ ಪಂಪನ್ನು ನಿಲ್ಲಿಸಿ, ಬೆರಳಿಗಿಂತ ತೆಳ್ಳಗಿನ ರಬ್ಬರು ನಳಿಗೆಯ ಒಂದು ತುದಿಯನ್ನು ಹುಳುಗಳ ಮೇಲೆ ಹಿಡಿದು, ಇನ್ನೊಂದನ್ನು ಕೆಳಗಿನ ಬಕೀಟಿಗೆ ಬಿಟ್ಟರೆ ನೀರಿನೊಡನೆ ಹುಳುಗಳು ಇಳಿದು ಹೋಗುತ್ತವೆ. ಕೆರೆದು ಜಜ್ಜಬಾರದು. ನೀರನ್ನು ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ ಮರಳಿ ಹಾಕಿದರೆ ಉಪ್ಪಿನ ಖರ್ಚು ಉಳಿಯುತ್ತದೆಂದು ಮಗನು ಲೆಕ್ಕ ಹಾಕಿದನು. ಬಟ್ಟೆಯಲ್ಲಿ ಸಿಕ್ಕಿ ಹರಿದ ಹುಳುವಿನ ವಿಷವೂ ನೀರಿನೊಡನೆ ಮರಳುತ್ತದಾದ್ದರಿಂದ ಅದನ್ನು ಬೇಡವೆಂದೆ. ದಿನಕ್ಕೆ ಐದಾರು ಲೀಟರು ಚೆಲ್ಲಿ, ಅಷ್ಟೇ ಹೊಸ ಉಪ್ಪುನೀರನ್ನು ಸೇರಿಸುತ್ತ ಬಂದೆವು. “ಮಾವ, ಆ ನೀರನ್ನು ತುಳಸಿಯ ಕಡೆಗೆ ಮಾತ್ರ ತರಬೇಡಿ,” ಎಂದಳು ಸೊಸೆ. ಎಲ್ಲವೂ ಬಚ್ಚಲಿಗೇ ಹೋಯಿತು.

ಇದು ಇಪ್ಪತ್ತೆರಡು ದಿನ ನಡೆಯಿತು. ಮೀನಿನ ಆಹಾರವನ್ನೂ ಅರ್ಧಕ್ಕೆ ಇಳಿಸಿದೆವು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟಕ್ಕಿಂತ ಹೆಚ್ಚು ಹಾಕುವುದು ಮೀನಿಗಲ್ಲ, ಹುಳುವಿಗೆ ಬಡಿಸಿದಂತೆ. ಮೊಮ್ಮಗನು ಪ್ರತಿದಿನದ ಎಣಿಕೆಯನ್ನು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದನು. ಮೊದಲ ದಿನ ಮುನ್ನೂರರವರೆಗೆ ಎಣಿಸಿ ಕೈಬಿಟ್ಟವನು, ಕೊನೆಯ ದಿನ ಹದಿನೇಳು ಎಂದು ಬರೆದನು.

ಔಷಧಕ್ಕೆ, ಉಪ್ಪುನೀರಿನ ತೊಟ್ಟಿಗೆಂದೇ ಮಾಡಿದ ಫ್ಲಾಟ್‌ವರ್ಮ್ ಎಕ್ಸಿಟ್ ಎಂಬ ದ್ರವವನ್ನು ತರಿಸಿದೆವು. ಹಿಂದಿನ ದಿನವೇ 50 ಲೀಟರು ಉಪ್ಪುನೀರನ್ನು ಸಿದ್ಧಪಡಿಸಿ, ಗಾಳಿಯಾಡಿಸಿ, ತೊಟ್ಟಿಯಷ್ಟೇ ಬೆಚ್ಚಗೆ, 26 ಡಿಗ್ರಿಯಲ್ಲಿ ಇಟ್ಟಿದ್ದೆವು. ವಿಷವನ್ನು ಹೀರಿಕೊಳ್ಳುವ ಸಂಸ್ಕರಿಸಿದ ಇದ್ದಿಲನ್ನು ತೊಳೆದು ಜಾಲರಿಯ ಚೀಲದಲ್ಲಿ ತುಂಬಿಟ್ಟಿದ್ದೆವು. ಮೊದಲು ಗಾಜಿನ ಬಟ್ಟಲಿನಲ್ಲಿ ತೊಟ್ಟಿಯ ನೀರು, ನಾಲ್ಕು ಹುಳು, ಒಂದು ತೊಟ್ಟು ಔಷಧ. ಸ್ವಲ್ಪ ಹೊತ್ತಿನಲ್ಲಿ ಹುಳುಗಳು ಮುದುಡಿ ತೇಲಿದವು. ಅನಂತರ ತೊಟ್ಟಿಯ ಒಟ್ಟು ಅಳತೆಗಲ್ಲದೆ ಒಳಗಿರುವ ನೀರಿಗೆ ಸರಿಯಾಗಿ ಅಳೆದು ಹಾಕಿದೆವು. ಕಲ್ಲಿನ ಬಿರುಕುಗಳಿಂದ, ನಾವು ಎಂದೂ ಕಾಣದ ಎಡೆಗಳಿಂದ, ಹುಳುಗಳು ಕಳಚಿ ಬೀಳತೊಡಗಿದವು. ಹದಿನೇಳಲ್ಲ, ನೂರಕ್ಕೆ ಮಿಕ್ಕಿದ್ದವು. ಒಬ್ಬರು ನಳಿಗೆ ಹಿಡಿದು ಹೀರುತ್ತಲೇ ಇದ್ದೆವು. ಅರ್ಧ ಗಂಟೆಯ ಮೇಲೆ ಹೆಣ್ಣು ಕ್ಲೌನ್ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಕಿವಿರುಗಳನ್ನು ಬೇಗಬೇಗ ಆಡಿಸಲಾರಂಭಿಸಿತು. ಮುಕ್ಕಾಲು ಗಂಟೆ ಕಾಯಬೇಕೆಂದಿದ್ದೆವು, ಕಾಯಲಿಲ್ಲ. ಇದ್ದಿಲಿನ ಚೀಲವನ್ನು ಇಳಿಬಿಟ್ಟು, 50 ಲೀಟರು ತೆಗೆದು 50 ಲೀಟರು ತುಂಬಿದೆವು. ಮೊಮ್ಮಗನು ಊಟಕ್ಕೆ ಏಳಲಿಲ್ಲ. ಸಂಜೆ ಆರರ ಹೊತ್ತಿಗೆ ಮೀನು ಕೆಳಗಿಳಿದು ತನ್ನ ಕಲ್ಲಿನ ಮೂಲೆಗೆ ಸೇರಿತು. ಕೊಳವೆಹುಳು ಮಾತ್ರ ಮಾರನೆಯ ದಿನ ತಲೆಬಿಚ್ಚಲಿಲ್ಲ. ಅದೂ ಹುಳುವೇ ಆದುದರಿಂದ ಔಷಧಕ್ಕೆ ಆ ಭೇದ ತಿಳಿಯದು.

ಋಣ, ಅಗ್ನಿ, ಶತ್ರು, ಇವುಗಳಲ್ಲಿ ಶೇಷವನ್ನು ಉಳಿಸಬಾರದೆಂದು ನೀತಿಕಾರರು ಹೇಳುವರು. ಮೊಗ್ಗಿನಿಂದ ಹುಟ್ಟುವ ಪ್ರಾಣಿಗೆ ಒಂದೇ ಒಂದು ಉಳಿದರೂ ಸಾಕು. ಹತ್ತು ದಿನಗಳ ಮೇಲೆ, ಮತ್ತೆ ಅಷ್ಟೇ ಸಿದ್ಧತೆಯೊಡನೆ ಎರಡನೆಯ ಸಲ ಹಾಕಿದೆವು. ಆಗ ಬಿದ್ದವು ಆರು. ಈಗ ನಾಲ್ಕು ತಿಂಗಳಾದುವು, ಕಂಡಿಲ್ಲ.

ಪಾಚಿಯನ್ನು ಕೊಟ್ಟ ಮಹನೀಯರ ತೊಟ್ಟಿಯಲ್ಲಿ ಹುಳುಗಳು ಇನ್ನೂ ಇವೆ. ಅವರು ಆಹಾರವನ್ನು ಕಡಿಮೆಮಾಡಿ, ವಾರಕ್ಕೊಮ್ಮೆ ನಳಿಗೆಯಿಂದ ಹೀರಿ, ಅಷ್ಟಕ್ಕೇ ಬಿಟ್ಟಿದ್ದಾರೆ. ಮೀನುಗಳು ಸುಖವಾಗಿವೆ, ಔಷಧ ಬೇಡವೆನ್ನುತ್ತಾರೆ. ಅವರಲ್ಲಿ ಹುಳುಗಳು ಬೆರಳೆಣಿಕೆಯಷ್ಟೇ ಇರುವುದರಿಂದ, ನೀತಿಕಾರರ ಮಾತನ್ನು ಹೇಳಿ ನಾನೂ ಒತ್ತಾಯಪಡಿಸಲಿಲ್ಲ. ಮೊನ್ನೆ ಮತ್ತೊಂದು ಹಿಡಿ ಪಾಚಿಯನ್ನು ಪ್ರೀತಿಯಿಂದ ತಂದುಕೊಟ್ಟರು. ಬೇಡವೆನ್ನಲಾಗಲಿಲ್ಲ. ಅದನ್ನು ಕಿಟಕಿಯ ಬಳಿ ಬೇರೆ ಪಾತ್ರೆಯಲ್ಲಿ ಉಪ್ಪುನೀರಿನಲ್ಲಿ ಇಟ್ಟು, ದಿನವೂ ಭೂತಗನ್ನಡಿಯಿಂದ ನೋಡುತ್ತಿದ್ದೇವೆ. ಆರು ವಾರಗಳ ಗಡುವು; ಇಂದಿಗೆ ಹದಿನೆಂಟು ದಿನ.